ಮಕ್ಕಳ ಕಾಲೇಜು ಶಿಕ್ಷಣಕ್ಕಾಗಿ ಉಳಿತಾಯ: ಹಣ ಹಿಂಪಡೆಯುವಾಗ ತೆರಿಗೆ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ಸೊರಬ ತಾಲ್ಲೂಕಿನ ಉಳವಿಯಂತಹ ಊರುಗಳ ವರ್ತಕರ ಹಾಗೂ ಅಡಿಕೆ ಬೆಳೆಗಾರರ ಮನೆಗಳಲ್ಲಿ ಕಾಲೇಜು ಶುಲ್ಕದ ಲೆಕ್ಕಾಚಾರ ಆರಂಭವಾಗುತ್ತದೆ. ಮಕ್ಕಳು ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೊರಡುವಾಗ ವರ್ಷಗಳಿಂದ ಕೂಡಿಟ್ಟ ಠೇವಣಿಯನ್ನು ತೆಗೆಯಬೇಕಾಗುತ್ತದೆ. ಓದಿಗೆಂದು ತೆಗೆದ ಹಣಕ್ಕೆ ತೆರಿಗೆಯಿಲ್ಲವೆಂಬ ನಂಬಿಕೆ ಹಲವರಲ್ಲಿದೆ. ಇದು ಪೂರ್ಣ ಸತ್ಯವಲ್ಲ.

ಅಮೆರಿಕದಲ್ಲಿ '529' ಎಂಬ ಶಿಕ್ಷಣ ಉಳಿತಾಯ ಯೋಜನೆಯಿದ್ದು, ಅರ್ಹ ಶೈಕ್ಷಣಿಕ ವೆಚ್ಚಕ್ಕೆ ಅದರಿಂದ ತೆಗೆದ ಹಣಕ್ಕೆ ಅಲ್ಲಿನ ಕೇಂದ್ರ ತೆರಿಗೆಯಿಲ್ಲ. ಭಾರತದಲ್ಲಿ ಎಲ್ಲ ಮಕ್ಕಳಿಗೂ ಅನ್ವಯಿಸುವ ಅಂತಹ ಖಾತೆಯಿಲ್ಲ. ಇಲ್ಲಿ ತೆರಿಗೆಯನ್ನು ನಿರ್ಧರಿಸುವುದು ಹಣ ತೆಗೆದ ಉದ್ದೇಶವಲ್ಲ. ಅದನ್ನು ಯಾವ ಯೋಜನೆಯಲ್ಲಿ, ಯಾರ ಹೆಸರಿನಲ್ಲಿ ಇಡಲಾಗಿತ್ತು ಎಂಬುದು. ಅಸಲು ಹಿಂದಿರುಗಿದರೆ ಅದು ಆದಾಯವಲ್ಲ. ಪ್ರಶ್ನೆಯಿರುವುದು ಬಡ್ಡಿ ಮತ್ತು ಲಾಭದ ಬಗ್ಗೆ ಮಾತ್ರ.

ಅಪ್ರಾಪ್ತ ಮಗನ ಹೆಸರಿನಲ್ಲಿ 10 ಲಕ್ಷ ರೂಪಾಯಿ ನಿಶ್ಚಿತ ಠೇವಣಿಯಿದ್ದು, ಶೇ. 7ರಂತೆ ವರ್ಷಕ್ಕೆ 70,000 ರೂ. ಬಡ್ಡಿ ಬರುತ್ತದೆಂದು ಭಾವಿಸೋಣ. ಈ ಬಡ್ಡಿ, ತಂದೆ ತಾಯಿಯರಲ್ಲಿ ಹೆಚ್ಚು ಆದಾಯವುಳ್ಳವರ ಆದಾಯಕ್ಕೆ ಸೇರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಪ್ರತಿ ಮಗುವಿಗೆ 1,500 ರೂ. ಮಾತ್ರ ವಿನಾಯಿತಿ. ಉಳಿದ 68,500 ರೂ. ಮೇಲೆ ಶೇ. 30ರ ಹಂತದಲ್ಲಿರುವ ತಂದೆಯು ಸೆಸ್ ಸೇರಿ 21,372 ರೂ. ಕಟ್ಟಬೇಕಾಗುತ್ತದೆ. ಮಗನಿಗೆ 18 ವರ್ಷ ತುಂಬಿದ ನಂತರದ ಬಡ್ಡಿ ಅವನದೇ ಆದಾಯ. ಬೇರೆ ಆದಾಯವಿಲ್ಲದಿದ್ದರೆ ತೆರಿಗೆ ಬಾರದು. ಪ್ರಾಪ್ತ ವಯಸ್ಕ ಮಗ ಅಥವಾ ಮಗಳಿಗೆ ತಂದೆ ತಾಯಿ ಕೊಡುವ ದಾನಕ್ಕೂ ತೆರಿಗೆಯಿಲ್ಲ.

ಹೆಣ್ಣು ಮಗುವಿದ್ದಲ್ಲಿ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆ ಉತ್ತಮ ಮಾರ್ಗ. ಮಗುವಿಗೆ 10 ವರ್ಷ ತುಂಬುವ ಮೊದಲು ಖಾತೆ ತೆರೆಯಬೇಕು. ಆಕೆ 10ನೇ ತರಗತಿ ತೇರ್ಗಡೆಯಾದ ಮೇಲೆ ಅಥವಾ 18 ವರ್ಷ ತುಂಬಿದ ಮೇಲೆ, ಪ್ರವೇಶ ಹಾಗೂ ಶುಲ್ಕದ ದಾಖಲೆ ನೀಡಿ, ಹಿಂದಿನ ಆರ್ಥಿಕ ವರ್ಷಾಂತ್ಯದ ಶಿಲ್ಕಿನ ಶೇ. 50ರವರೆಗೆ ಹಣ ಪಡೆಯಬಹುದು. ಗಂಡು ಮಕ್ಕಳಿಗೆ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್, ಇದೆ. 5 ವರ್ಷಗಳ ನಂತರ ಉನ್ನತ ಶಿಕ್ಷಣದ ಕಾರಣಕ್ಕೆ ಈ ಖಾತೆಯನ್ನು ಅವಧಿಗೆ ಮೊದಲೇ ಮುಚ್ಚಬಹುದಾದರೂ ಬಡ್ಡಿ ಶೇ. 1ರಷ್ಟು ಕಡಿಮೆಯಾಗುತ್ತದೆ. ಇವೆರಡರಿಂದ ಪಡೆದ ಹಣ, ಬಡ್ಡಿ ಸಹಿತ, ಹಳೆಯ ಮತ್ತು ಹೊಸ ಪದ್ಧತಿಗಳೆರಡರಲ್ಲೂ ತೆರಿಗೆಮುಕ್ತ.

ಮಲೆನಾಡಿನವರು ಎರಡು ತಪ್ಪುಗಳ ಬಗ್ಗೆ ಎಚ್ಚರ ವಹಿಸಬೇಕು. ಮೊದಲನೆಯದಾಗಿ, ಅಡಿಕೆ ತೋಟದ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವಾದರೂ, ಆ ಹಣವನ್ನು ಠೇವಣಿಯಿಟ್ಟಾಗ ಬರುವ ಬಡ್ಡಿ ಕೃಷಿ ಆದಾಯವಾಗದು. ಎರಡನೆಯದಾಗಿ, ಅಂಗಡಿಯ ಖಾತೆಯಿಂದ ಕಟ್ಟಿದ ಕಾಲೇಜು ಶುಲ್ಕ ಮಾಲೀಕರ ಸ್ವಂತ ಖರ್ಚೇ ಹೊರತು ವ್ಯಾಪಾರದ ವೆಚ್ಚವಲ್ಲ.

ಹಳೆಯ ಪದ್ಧತಿಯನ್ನು ಆಯ್ದವರಿಗೆ ಇಬ್ಬರು ಮಕ್ಕಳವರೆಗೆ, ಭಾರತದಲ್ಲಿನ ಪೂರ್ಣಾವಧಿ ಶಿಕ್ಷಣದ ಬೋಧನಾ ಶುಲ್ಕವು 1.5 ಲಕ್ಷ ರೂ.ಗಳ ಒಟ್ಟು ಉಳಿತಾಯ ಮಿತಿಯೊಳಗೆ ಕಡಿತಕ್ಕೆ ಅರ್ಹ. ದೇಣಿಗೆ, ವಸತಿನಿಲಯದ ವೆಚ್ಚ ಇದರಲ್ಲಿ ಸೇರವು. ಹೊಸ ಪದ್ಧತಿಯಲ್ಲಿ ಈ ಕಡಿತವಿಲ್ಲ. 1961ರ ಕಾಯ್ದೆಯ ಬದಲಿಗೆ 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ಈ ತತ್ವಗಳು ಉಳಿದಿವೆ.

ಆದುದರಿಂದ ತೆರಿಗೆಯ ಯೋಚನೆ ಶುಲ್ಕ ಕಟ್ಟುವ ದಿನದ್ದಲ್ಲ, ಮೊದಲ ಕಂತು ಇಡುವ ದಿನದ್ದು. ಮಗು ಶಾಲೆಗೆ ಸೇರುವಾಗಲೇ ಖಾತೆಯ ಬಗೆ ಮತ್ತು ಹೆಸರನ್ನು ನಿಶ್ಚಯಿಸಿ, ಶುಲ್ಕದ ರಸೀದಿಗಳನ್ನೂ ಬ್ಯಾಂಕಿನ ಬಡ್ಡಿ ಪತ್ರಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು.