ಬಿಪಿ ಇರುವ ಗರ್ಭಿಣಿಗೆ ಸಿಸೇರಿಯನ್ ವೇಳೆ ಬೆನ್ನಿಗೆ ಇಂಜೆಕ್ಷನ್ ಕೊಡಬಾರದೇ? ನಿಜಾಂಶ ಇಲ್ಲಿದೆ

“ಬಿಪಿ ಜಾಸ್ತಿ ಇರುವ ಗರ್ಭಿಣಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಅಪಾಯ. ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಆಪರೇಷನ್ ಮಾಡಿಸಿ” ಎನ್ನುವವರಿದ್ದಾರೆ. ದೇವದುರ್ಗದಿಂದಲೋ ಮಾನ್ವಿಯಿಂದಲೋ ತುರ್ತಾಗಿ ರಾಯಚೂರಿನ ರಿಮ್ಸ್‌ಗೆ ಬಂದ ಗರ್ಭಿಣಿಯ ಮನೆಯವರು ಇದನ್ನು ನಂಬಿ ಸಹಿ ಹಾಕಲು ಹಿಂಜರಿದರೆ, ಆ ತಡವೇ ತಾಯಿ-ಮಗುವಿಗೆ ಕುತ್ತಾಗಬಹುದು. ಹಾಗಾದರೆ ಈ ಮಾತು ಎಷ್ಟು ನಿಜ? ನೋಡೋಣ.

ಬೆನ್ನಿನ ಇಂಜೆಕ್ಷನ್ ಏನು ಮಾಡುತ್ತದೆ?

ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸಣ್ಣ ಸೂಜಿಯಿಂದ ಔಷಧ ಕೊಡುತ್ತಾರೆ. ಎದೆಯಿಂದ ಕೆಳಗೆ ನೋವು ತಿಳಿಯುವುದಿಲ್ಲ, ತಾಯಿ ಎಚ್ಚರವಾಗಿರುತ್ತಾಳೆ. ಇದನ್ನು ಕೊಟ್ಟಾಗ ರಕ್ತದೊತ್ತಡ ಇಳಿಯುವುದುಂಟು. ಬಿಪಿ ಇರುವವರಲ್ಲಿ ಅದು ಒಮ್ಮೆಲೇ ಕುಸಿಯಬಹುದು ಎಂದು ಹಿಂದೆ ವೈದ್ಯರೂ ಅಂಜುತ್ತಿದ್ದರು. ಆದರೆ ಗರ್ಭನಂಜು, ಅಂದರೆ ಪ್ರಿಎಕ್ಲಾಂಪ್ಸಿಯಾ ಇರುವವರಲ್ಲಿ ಬಿಪಿ ಇಳಿಯುವುದು ಆರೋಗ್ಯವಂತ ಗರ್ಭಿಣಿಯರಿಗಿಂತ ಕಡಿಮೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಇಳಿದರೂ ಅದನ್ನು ಸರಿಪಡಿಸುವ ಔಷಧಗಳಿವೆ.

ಪೂರ್ತಿ ಪ್ರಜ್ಞೆ ತಪ್ಪಿಸಿದರೆ?

ಆಗ ಉಸಿರಾಟಕ್ಕಾಗಿ ಗಂಟಲಿಗೆ ಕೊಳವೆ ಹಾಕಬೇಕು. ಆ ಕ್ಷಣ ಬಿಪಿ ದಿಢೀರ್ ಏರಿ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಗರ್ಭನಂಜಿನಿಂದ ಗಂಟಲು ಊದಿಕೊಂಡಿದ್ದರೆ ಕೊಳವೆ ಹಾಕುವುದೂ ಕಷ್ಟ. ಹೀಗಾಗಿ ಬೇರೆ ಅಡ್ಡಿ ಇಲ್ಲದಿದ್ದರೆ ವೈದ್ಯರು ಬೆನ್ನಿನ ಇಂಜೆಕ್ಷನ್ನನ್ನೇ ಆರಿಸುತ್ತಾರೆ.

ಯಾವಾಗ ಕೊಡುವುದಿಲ್ಲ?

ರಕ್ತದ ಪ್ಲೇಟ್‌ಲೆಟ್ ತುಂಬಾ ಇಳಿದಿದ್ದರೆ ಅಥವಾ ರಕ್ತ ಸರಿಯಾಗಿ ಹೆಪ್ಪುಗಟ್ಟದಿದ್ದರೆ ಬೆನ್ನಿನೊಳಗೆ ರಕ್ತ ಸೇರಿ ನರಗಳನ್ನು ಒತ್ತಬಹುದು. ಪ್ಲೇಟ್‌ಲೆಟ್ 70 ಸಾವಿರಕ್ಕಿಂತ ಹೆಚ್ಚಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಫಿಟ್ಸ್ ಬಂದು ಪ್ರಜ್ಞೆ ಮರಳದಿದ್ದರೆ ಪೂರ್ತಿ ಅರಿವಳಿಕೆಯೇ ಬೇಕಾಗುತ್ತದೆ. ಅಂದರೆ ಇದನ್ನು ತೀರ್ಮಾನಿಸುವುದು ಬಿಪಿಯ ಸಂಖ್ಯೆಯೊಂದೇ ಅಲ್ಲ.

ಮನೆಯವರು ಏನು ಮಾಡಬೇಕು?

* ತಾಯಿ ಕಾರ್ಡ್ ಮತ್ತು ರಕ್ತ ಪರೀಕ್ಷೆಯ ವರದಿಗಳನ್ನು ಜೊತೆಗೇ ಒಯ್ಯಿರಿ.
* ಕೊನೆಯ ಬಾರಿ ಊಟ ಮಾಡಿದ್ದು ಯಾವಾಗ, ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಅರಿವಳಿಕೆ ವೈದ್ಯರಿಗೆ ಹೇಳಿ. ರಕ್ತ ತೆಳುವಾಗಿಸುವ ಔಷಧವಿದ್ದರೆ ತಪ್ಪದೇ ತಿಳಿಸಿ.
* ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
* ಬಿಪಿ 140/90 ದಾಟಿದರೆ ವೈದ್ಯರಿಗೆ ತೋರಿಸಿ. 160/110 ಮುಟ್ಟಿದರೆ, ಅಥವಾ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಫಿಟ್ಸ್ ಇದ್ದರೆ ಕಾಯದೇ 108ಕ್ಕೆ ಕರೆ ಮಾಡಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಬಿಪಿ ಅಲ್ಲೇ ಪತ್ತೆಯಾದರೆ ಕೊನೇ ಗಳಿಗೆಯ ಓಡಾಟ ತಪ್ಪಬಹುದು.

ಒಟ್ಟಾರೆ, ಬಿಪಿ ಇದ್ದರೆ ಬೆನ್ನಿಗೆ ಇಂಜೆಕ್ಷನ್ ಕೊಡಲೇಬಾರದು ಎಂಬ ಮಾತು ತಪ್ಪು. ಇಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಅನುಮಾನವಿದ್ದರೆ ಅರಿವಳಿಕೆ ವೈದ್ಯರನ್ನೇ ಕೇಳಿ.