ಹೊತ್ತಿಗೊಂದು ವಿದ್ಯುತ್ ದರ: ಮನೆಗೆ ಲಾಭವೇ?

ಟೊಮ್ಯಾಟೋಗೆ ಬೆಳಿಗ್ಗೆ ಒಂದು ಬೆಲೆ, ಸಂಜೆ ಇನ್ನೊಂದು ಬೆಲೆ ಸಿಗುವುದು ನಿಮಗೆ ಹೊಸದಲ್ಲ. ವಿದ್ಯುತ್ತಿಗೂ ಇಂಥ ಕ್ರಮವನ್ನು ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ನಿಯಮಗಳಲ್ಲಿ ಸೇರಿಸಿತು. ದಿನದ ಎಂಟು ಗಂಟೆಗಳ ಸೌರ ಸಮಯದಲ್ಲಿ ದರ ಕನಿಷ್ಠ ಶೇ. 20ರಷ್ಟು ಕಡಿಮೆ, ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ ಶೇ. 10ರಷ್ಟು ಹೆಚ್ಚು. ಆ ಗಂಟೆಗಳನ್ನು ಗೊತ್ತುಪಡಿಸುವುದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಸ್ಮಾರ್ಟ್ ಮೀಟರ್ ಕೂರಿಸಿದ ಮೇಲೆಯೇ ಇದು ಅನ್ವಯಿಸುತ್ತದೆ. ಕೃಷಿ ಬಳಕೆಯನ್ನು ನಿಯಮ ಹೊರಗಿಟ್ಟಿರುವುದರಿಂದ ಪಂಪ್‌ಸೆಟ್ಟಿನ ಚಿಂತೆ ಬೇಡ. ಆದರೆ ನಿಮ್ಮ ವಾಸದ ಮನೆಗೂ ಬೆಂಗಳೂರಿನಲ್ಲಿರುವ ಮಕ್ಕಳ ಮನೆಗೂ ಇದು ತಟ್ಟಬಹುದು.

ಪಾವಗಡದಂಥ ಸೌರ ಪಾರ್ಕುಗಳಿಂದ ಹಗಲು ವಿದ್ಯುತ್ ಧಾರಾಳ. ಹೊತ್ತು ಮುಳುಗಿತೆಂದರೆ ಅದು ನಿಲ್ಲುತ್ತದೆ. ಮನೆಮನೆಯ ದೀಪ, ಟಿ.ವಿ. ಆಗಲೇ ಶುರುವಾಗುತ್ತವೆ. ದರದ ಏರಿಳಿತಕ್ಕೆ ಇದೇ ಮೂಲ.

ಈಗ ಬಸವನಗುಡಿಯ ಒಂದು ಮನೆಯ ಲೆಕ್ಕ ಹಾಕೋಣ. ಸುಲಭವಾಗಲೆಂದು ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಳ್ಳಿ. ಸೌರ ಸಮಯದಲ್ಲಿ 4.80, ಬೇಡಿಕೆಯ ಹೊತ್ತಿನಲ್ಲಿ 6.60. ತಿಂಗಳಿಗೆ 150 ಯೂನಿಟ್ಟು. ಅದರಲ್ಲಿ 60 ಬೇಡಿಕೆಯ ಹೊತ್ತಿನಲ್ಲಿ, 30 ಸೌರ ಸಮಯದಲ್ಲಿ, ಉಳಿದದ್ದು ಸಾಮಾನ್ಯ ಹೊತ್ತಿನಲ್ಲಿ. ಒಂದೆಡೆ 36 ರೂಪಾಯಿ ನಷ್ಟ, ಇನ್ನೊಂದೆಡೆ 36 ರೂಪಾಯಿ ಲಾಭ. ಬಿಲ್ಲು ಮೊದಲಿನಂತೆ 900. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಚಾಮರಾಜಪೇಟೆಯ ಮನೆಯಲ್ಲಿ ಇದೇ ಅಂಕಿ 80, 10 ಮತ್ತು 60 ಆದರೆ ಬಿಲ್ಲು 936. ಹಗಲು ಬೀಗ ಹಾಕಿದ ಮನೆಗೆ ಅಗ್ಗದ ವಿದ್ಯುತ್ ಇದ್ದೂ ಇಲ್ಲದಂತೆ!

ಬಳಕೆಯನ್ನು ಹಗಲಿಗೆ ಸರಿಸಬಹುದಲ್ಲ ಎನ್ನುವಿರಿ. ಯಾವುದನ್ನು? ಸಂಪಿನಿಂದ ಮೇಲಿನ ತೊಟ್ಟಿಗೆ ನೀರೆತ್ತುವ ಅರ್ಧ ಎಚ್‌.ಪಿ. ಮೋಟಾರು ಗಂಟೆಗೆ ಸುಮಾರು ಅರ್ಧ ಯೂನಿಟ್ಟು ತಿನ್ನುತ್ತದೆ. ಅದನ್ನು ಸರಿಸಿದರೆ ದಿನಕ್ಕೆ ಒಂದು ರೂಪಾಯಿಯೂ ಉಳಿಯದು. 2 ಕಿಲೋವಾಟ್ ಗೀಸರ್ ಮಾತ್ರ ಅರ್ಧ ಗಂಟೆಗೇ ಒಂದು ಯೂನಿಟ್ಟು. ಅದನ್ನು ಬೇಡಿಕೆಯ ಹೊತ್ತಿನಿಂದ ಸೌರ ಸಮಯಕ್ಕೆ ತಂದರೆ ತಿಂಗಳಿಗೆ 54 ರೂಪಾಯಿ ಉಳಿತಾಯ. ಮಲ್ಲೇಶ್ವರದ ನಿವೃತ್ತರು ಮಧ್ಯಾಹ್ನ ಸ್ನಾನ ಮಾಡಿಯಾರು, ಎಂಟಕ್ಕೆ ಶಾಲೆಗೆ ಹೊರಡುವ ಮಗು ಮಾಡೀತೇ? ಸೋಲಾರ್ ಹೀಟರ್ ಇರುವ ಮನೆಗಂತೂ ಈ ಉಳಿತಾಯವೂ ಅಷ್ಟಾಗಿ ಇಲ್ಲ.

ಇನ್ನೊಂದು ತೊಡಕು. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಪಡೆಯುವ ಮನೆಯವರು ಅಗ್ಗದ ಹೊತ್ತು ಕಾಯುವುದಾದರೂ ಏಕೆ? ಆದುದರಿಂದ ಈ ದರ ಬೇಕೇ ಬೇಡವೇ ಎಂಬ ಆಯ್ಕೆಯನ್ನು ಮೊದಲ ಕೆಲವು ವರ್ಷ ಮನೆಯವರಿಗೇ ಬಿಡುವುದು ಮೇಲೆಂದು ನಮ್ಮ ಅಭಿಪ್ರಾಯ.

ನಿಮ್ಮ ಮನೆಯ ಲೆಕ್ಕ ತಿಳಿಯಲು ಒಂದು ವಾರ ಬೆಳಿಗ್ಗೆ 9ಕ್ಕೆ, ಸಂಜೆ 5ಕ್ಕೆ, ರಾತ್ರಿ 10ಕ್ಕೆ ಮೀಟರಿನ ಅಂಕಿ ಬರೆದಿಡಿ. 9ರಿಂದ 5ರವರೆಗಿನ ಬಳಕೆಯು 5ರಿಂದ 10ರವರೆಗಿನದರ ಅರ್ಧಕ್ಕಿಂತ ಕಡಿಮೆ ಬಂದರೆ, ಮೇಲಿನ ದರಗಳಲ್ಲಿ ನಿಮಗೆ ನಷ್ಟವೇ.