ನಂಗು ಮೀನು ಕೊಳ್ಳುವ, ಹಸನು ಮಾಡುವ ಬಗೆ

ಗೋವೆಯ ಪೇಟೆಗಳಲ್ಲಿ ‘ಲೆಪೊ’ ಎಂದು ಮಾರುವ ಚಪ್ಪಟೆ ಮೀನೇ ನಮ್ಮ ಕರಾವಳಿಯವರ ನಂಗು. ಘಟ್ಟದ ಮೇಲಿನಿಂದ ಸಾಂಖಳಿಗೆ ಬಂದವರು ಇದರ ಸೊಟ್ಟ ಮೋರೆ ಕಂಡು ಹಿಂಜರಿಯುವುದುಂಟು. ಬಿಡತಕ್ಕ ಮೀನಲ್ಲ ಇದು.

ಮರಿಯಾಗಿದ್ದಾಗ ಇದಕ್ಕೂ ಎರಡು ಪಕ್ಕಗಳಲ್ಲಿ ಒಂದೊಂದು ಕಣ್ಣು. ಬೆಳೆಯುತ್ತ ಒಂದು ಕಣ್ಣು ಮತ್ತೊಂದರ ಪಕ್ಕಕ್ಕೆ ಸರಿಯುತ್ತದೆ. ಕಣ್ಣಿಲ್ಲದ ಮಗ್ಗುಲನ್ನು ಕೆಳಗೆ ಮಾಡಿ ಮೀನು ಕೆಸರಿನಲ್ಲಿ ಮಲಗುತ್ತದೆ. ಆದ್ದರಿಂದ ಹೆಚ್ಚಾಗಿ ತಳ ಸವರುವ ಬಲೆಯಿಂದ ಹಿಡಿಯುತ್ತಾರೆ. ಗೋವೆಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದೋಣಿಗಳಿಗೆ ನಿಷೇಧ. ಮಳೆ ತಗ್ಗಿದ ಮೇಲೆ ಈ ಮೀನು ದಂಡೆಯ ಸಮೀಪ ಹೇರಳವಾಗಿ ಸಿಗುತ್ತದೆ.

ಸಾಂಖಳಿ ಸಮುದ್ರಕ್ಕೆ ದೂರ, ನೋಡಿ ಕೊಳ್ಳಬೇಕು. ಕಿವಿರು ಕೆಂಪಗಿರಬೇಕು, ಬೆರಳೊತ್ತಿದರೆ ಕುಳಿ ನಿಲ್ಲಬಾರದು. ತಲೆಯ ಬಳಿ ಗೀರಿ, ಬೆರಳಿಗೆ ಉಪ್ಪು ಹಚ್ಚಿಕೊಂಡು ಬಾಲದ ಕಡೆಗೆ ಎಳೆದರೆ ಚರ್ಮ ಸುಲಿದು ಬರುವುದು. ಕರುಳು ತೆಗೆದು ತೊಳೆದು, ಉಪ್ಪು, ಅರಿಸಿನ, ಖಾರ, ಹುಣಿಸೆರಸ ಸವರಿ, ರವೆಯಲ್ಲಿ ಹೊರಳಿಸಿ ಹೆಂಚಿನ ಮೇಲೆ ಎಣ್ಣೆ ಬಿಟ್ಟು ಹುರಿಯಿರಿ.

ಹೆಚ್ಚು ಸಿಕ್ಕಾಗ, ಹಸನು ಮಾಡಿದ 4 ಪಾಲು ಮೀನಿಗೆ 1 ಪಾಲು ಉಪ್ಪು ಬೆರೆಸಿ ಒಂದು ರಾತ್ರಿ ಇಡಿರಿ. ಮರುದಿನ ನೀರು ಬಸಿದು, ಎತ್ತರದಲ್ಲಿ ಕಟ್ಟಿದ ಬಲೆಯ ಮೇಲೆ ಗರಿಗರಿಯಾಗುವ ತನಕ ಒಣಗಿಸಿರಿ. ನೆಲದ ಮೇಲೆ ಹರಡಿದರೆ ಮಣ್ಣು, ನೊಣ ತಾಗಿ ಬೇಗ ಕೆಡುವುದು. ಚೆನ್ನಾಗಿ ಒಣಗಿದ್ದು ಮಳೆಗಾಲದ ಗಂಜಿಗೆ ಒದಗುತ್ತದೆ.